ಮೂಗು ಬಿಟ್ಟು ಹೊದಿಸುವುದು

ಮೊಮ್ಮಗಳು ಕೆಲಸ ಬಿಟ್ಟು ಮನೆಯಲ್ಲಿ ಕೂತು ಕೆಟ್ಟ ಮಗುವೊಂದನ್ನು ಸಾಕುತ್ತಿದ್ದಾಳೆ ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಏನೂ ತೋಚದೆ ನನ್ನ ಮುಖ ನೋಡುತ್ತಿದ್ದರು. ನಾನು ಹೊಲಿಗೆ ನಿಲ್ಲಿಸಿ, "ಕಂಪ್ಯೂಟರಿನ ಆಟದಲ್ಲಿ," ಎಂದು ಸೇರಿಸಬೇಕಾಗುತ್ತಿತ್ತು.

"ನಾನೂ ಅದನ್ನೇ ಅಲ್ವಾ ಹೇಳಿದ್ದು," ಎನ್ನುತ್ತಿದ್ದರು ಅತ್ತೆ.

ಮಗಳು ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಔಷಧಿ ಡಬ್ಬಿಗಳ ಮೇಲಿನ, ಸೋಪಿನ ಪೊಟ್ಟಣಗಳ ಮೇಲಿನ ಚಿತ್ರ ಬರೆಯುತ್ತಿದ್ದಳು. ಸ್ವಂತ ಆಟ ಮಾಡುತ್ತೇನೆಂದು ಅದನ್ನು ಬಿಟ್ಟಳು. ಪ್ರೆಸ್ಸಿನ ಮಾಲೀಕರು ಒಳ್ಳೆಯವರು, ಅವಳ ಕುರ್ಚಿಯನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಆಟಗಳ ಮೇಳವೊಂದಿತ್ತು, ಅಲ್ಲಿ ಆಯ್ಕೆಯಾದರೆ ದೊಡ್ಡ ಕಂಪನಿಯೊಂದು ಆಟವನ್ನು ತೆಗೆದುಕೊಂಡು ಮಾರುತ್ತಿತ್ತು. ಆಯ್ಕೆಯಾಗದಿದ್ದರೆ ಮರುದಿನವೇ ಪ್ರೆಸ್ಸಿಗೆ ಹೋಗಿ ಕೂರಬೇಕು ಎಂಬುದು ಅವಳಿಗೂ ಅವಳ ಅಪ್ಪನಿಗೂ ಆದ ಮಾತು.

ನಮ್ಮ ಊಟದ ಮೇಜು ಅವಳ ಪಾಲಾಯಿತು. ಅದರ ಮೇಲೆ ಎರಡು ಪರದೆ, ನೂರೆಂಟು ವಯರು. ನಾವು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದಾರದ ಚೂರುಗಳನ್ನು ಗುಡಿಸಿ ತಟ್ಟೆ ಇಟ್ಟುಕೊಳ್ಳುತ್ತಿದ್ದೆವು. ನಾನು ಒಂದು ಅಂಗಡಿಗೆ ಕಿಟಕಿ ಪರದೆಗಳನ್ನು ಹೊಲಿದು ಕೊಡುತ್ತೇನೆ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಯಾವಾಗಲೂ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಒಳಕೋಣೆಯ ಬಾಗಿಲು ಹಾಕಿಕೊಂಡು, ಮಧ್ಯಾಹ್ನ ಕಳೆಯುವವರೆಗೆ ಮಲಗುತ್ತಾರೆ. ಅತ್ತೆ ಹಿಂದೆ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದವರು. ಆ ಕೆಲಸದಿಂದ ಒಂದು ಅಭ್ಯಾಸ ಉಳಿದುಬಿಟ್ಟಿದೆ: ಮನೆಯಲ್ಲಿ ಯಾರು ಎಲ್ಲಿ ಮಲಗಿದ್ದರೂ, ಸದ್ದಿಲ್ಲದೆ ಹೋಗಿ ಹೊದಿಕೆ ಸರಿಮಾಡಿ ಬರುತ್ತಾರೆ. ತಲೆ ನರೆತ ಮಗನಿಗೂ ದಿನಾ ಹೊದಿಸುತ್ತಾರೆ. ಯಜಮಾನರಿಗೆ ಅದು ಗೊತ್ತೇ ಇಲ್ಲ.

ಮಗಳ ಆಟ ಹೆದರಿಸುವಂಥದ್ದು. ಕತ್ತಲೆಯ ಒಂದು ಮನೆ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು ಮಲಗಿರುತ್ತಾರೆ: ಅಪ್ಪ, ಅಮ್ಮ, ತಾತ. ಎಚ್ಚರವಿರುವುದು ಆ ಮನೆಯ ಪುಟ್ಟ ಹುಡುಗಿ ಮಾತ್ರ. ಬಿಳಿ ಅಂಗಿ, ಬರಿಗಾಲು, ಮುಖದ ಮೇಲೆ ಇಳಿದ ಕೂದಲು. ಆಡುವವರು ಆ ಹುಡುಗಿಯಾಗಿ ನಡೆಯಬೇಕು. ಕೆಂಪು ಬಟನ್ ಒತ್ತಿದರೆ ಅವಳು ಕತ್ತರಿ ಎತ್ತುತ್ತಾಳೆ.

"ಈ ಕತ್ತರಿ ನಿಮ್ಮಮ್ಮಂದು ನೋಡ್ಕೊಂಡು ಬರೆದ್ಯಾ?" ಎಂದು ಕೇಳಿದರು ಅತ್ತೆ.

"ಹೌದಜ್ಜಿ."

"ಅದಕ್ಕೇ ಮೊಂಡಾಗಿ ಕಾಣ್ತಿದೆ."

ಆದರೆ ಆಟಕ್ಕೆ ಯಾರೂ ಹೆದರುತ್ತಿರಲಿಲ್ಲ. ಎದುರುಗಡೆ ಬೀಗ ರಿಪೇರಿಯ ಅಂಗಡಿ ಇಟ್ಟಿರುವವನಿಗೆ ಹೆದರಿಸುವ ಆಟಗಳೆಂದರೆ ಪ್ರಾಣ. ಮಗಳು ಅವನನ್ನು ಕರೆದು ಆಡಿಸಿದಳು. ಅವನು ಕಾಲು ಅಲ್ಲಾಡಿಸುತ್ತ ಮೂವರನ್ನೂ ಮುಗಿಸಿ, ನಾನು ಕೊಟ್ಟ ಚಹಾ ಆರುವ ಮೊದಲೇ ಎದ್ದ.

"ಬೇಜಾರ್ ಮಾಡ್ಕೋಬೇಡಮ್ಮ," ಎಂದ. "ನಮ್ಮಕ್ಕನ ಮಗಳು ಇದಕ್ಕಿಂತ ಚೆನ್ನಾಗಿ ಹೆದರಿಸ್ತಾಳೆ. ಅವಳ ಕೈಲಿ ಕತ್ತರೀನೂ ಇರಲ್ಲ."

ಅಂದು ಸಂಜೆ ಊಟದಲ್ಲಿ ಮಗಳು ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತ ಕೂತಿದ್ದಳು.

"ಊಟ ಬಿಟ್ರೆ ಆಟ ಸರಿಹೋಗುತ್ತಾ?" ಎಂದರು ಯಜಮಾನರು. "ಈಗ್ಲೇ ಪ್ರೆಸ್ಸಿನೋರಿಗೆ ಬರ್ತೀನಿ ಅಂತ ಹೇಳ್ಬಿಡು. ಮರ್ಯಾದೆಯಾಗಿ ಇರುತ್ತೆ."

"ಮೇಳ ಇನ್ನೂ ಬಂದಿಲ್ಲ."

"ಬೀಗದವನೇ ನಕ್ಕನಂತೆ, ಮೇಳದೋರು ಅಳ್ತಾರಾ?"

"ಅಪ್ಪ, ಮಾತು ಅಂದ್ರೆ ಮಾತು. ಮೇಳದವರೆಗೂ ಅಂದ್ರೆ ಮೇಳದವರೆಗೂ."

ಅವರು ಬುತ್ತಿ ಡಬ್ಬಿ ಎತ್ತಿಕೊಂಡು ಹೊರಟರು. ಅತ್ತೆ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮರುದಿನ ಮಧ್ಯಾಹ್ನ, ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಕೂತರು. "ಕೊಡು ಇಲ್ಲಿ. ಒಂದ್ಸಲ ನಾನೂ ಆಡ್ಸ್ತೀನಿ ಆ ಕೂಸನ್ನ."

ಮಗಳು ಬಟನ್‌ಗಳಿದ್ದ ಆಟದ ಹಿಡಿಯನ್ನು ಅವರ ಎರಡೂ ಕೈಗೆ ಕೊಟ್ಟು, ಯಾವುದನ್ನು ತಳ್ಳಿದರೆ ನಡೆಯುತ್ತದೆ ಎಂದು ತೋರಿಸಿದಳು. ಪರದೆಯ ಮೇಲೆ ಹುಡುಗಿ ನೆಟ್ಟಗೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತಳು.

"ಕಣ್ಣು ಕಾಣ್ಸಲ್ವೇನೇ ಇದಕ್ಕೆ?"

"ಗೋಡೆಗೆ ನಡೆಸ್ತಿರೋದು ನೀನು ಅಜ್ಜಿ."

ಅತ್ತೆ ಕಲಿತರು. ಹುಡುಗಿಯನ್ನು ಮೊದಲು ಅಡಿಗೆಮನೆಗೆ ಕರೆದುಕೊಂಡು ಹೋದರು. "ಪಾತ್ರೆ ಮುಚ್ಚಳ ತೆಗಿಯೋದು ಯಾವ್ದು?"

"ಅದೆಲ್ಲ ಇಲ್ಲ. ಕತ್ತರಿ ತಗೋ, ಕೆಂಪು ಬಟನ್."

"ಹೊಟ್ಟೆಗಿಲ್ದೆ ಇರೋ ಮಗು ಕೈಗೆ ಕತ್ತರಿ ಕೊಡ್ತೀಯಲ್ಲ," ಎನ್ನುತ್ತ ಅತ್ತೆ ಕೆಂಪು ಬಟನ್ನಿನ ಹತ್ತಿರವೇ ಬೆರಳು ಒಯ್ಯಲಿಲ್ಲ. ಹುಡುಗಿಯನ್ನು ತಿರುಗಿಸಿ ಅಪ್ಪನ ಕೋಣೆಗೆ ಬಂದರು. ಮಂಚದ ಮೇಲೆ ಅಪ್ಪ ಮಲಗಿದ್ದ. "ನೋಡು, ಹೊದ್ದಿದ್ದು ಸೊಂಟಕ್ಕೆ ಜಾರಿದೆ."

ಅವರು ಹುಡುಗಿಯನ್ನು ಮಂಚದ ಪಕ್ಕಕ್ಕೆ ಒಯ್ದು ನಿಲ್ಲಿಸಿದರು. ಒಂದು ಬಟನ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಒತ್ತಿದರು. ಕೆಂಪನ್ನು ಬಿಟ್ಟು ಒಂದೊಂದನ್ನೇ ಒತ್ತಿ ನೋಡಿದರು. ಹೊದಿಸುವುದಕ್ಕೆ ಆಟದಲ್ಲಿ ಬಟನ್ ಇರಲಿಲ್ಲ. ಹಾಗಾಗಿ ಹುಡುಗಿ ಮಂಚದ ಪಕ್ಕ ನಿಂತೇ ಇದ್ದಳು. ಮಲಗಿದವನ ಎದೆ ಏರಿ ಇಳಿಯುತ್ತಿತ್ತು. ಹುಡುಗಿಯ ಮುಖ ಅವನ ಮುಖದ ಕಡೆಗೇ ಇತ್ತು. ಇಬ್ಬರ ಉಸಿರಿನ ಸದ್ದೂ ಕೇಳುತ್ತಿತ್ತು. ಅವಳು ಹೋಗಲಿಲ್ಲ, ಏನೂ ಮಾಡಲಿಲ್ಲ.

ನನ್ನ ಕಾಲು ತಾನಾಗಿ ಹೊಲಿಗೆ ಯಂತ್ರದ ಪೆಡಲಿನ ಮೇಲೆ ನಿಂತುಬಿಟ್ಟಿತ್ತು. ಮೊಟ್ಟೆ ತಿನ್ನುತ್ತಿದ್ದ ಮಗಳು ಅದನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತಿದ್ದಳು.

"ಅಜ್ಜಿ, ಹಾಗೇ ಇರು," ಎಂದು ಪಿಸುಗುಟ್ಟಿದಳು. "ಅಲ್ಲಾಡಿಸ್ಬೇಡ."

"ಬಟನ್ ಹೇಳ್ಕೊಡೇ ಅಂದ್ರೆ," ಎಂದರು ಅತ್ತೆ.

ಅಂದಿನಿಂದ ಮಗಳು ಆಟವನ್ನು ಬುಡದಿಂದ ಬಿಚ್ಚಿದಳು. ಕತ್ತರಿ ಹೋಯಿತು, ಕೆಂಪು ಬಟನ್ ಹೋಯಿತು. ಅತ್ತೆಯನ್ನು ದಿನವೂ ಕೂರಿಸಿ ಆಡಿಸುತ್ತಿದ್ದಳು. ಅವರು ಹುಡುಗಿಯನ್ನು ಯಾವ ದಾರಿಯಲ್ಲಿ ನಡೆಸುತ್ತಾರೆ, ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಿಸಿ ಕಿವಿಗೊಡುತ್ತಾರೆ, ಮಂಚದಿಂದ ಎಷ್ಟು ದೂರದಲ್ಲಿ ನಿಲ್ಲಿಸುತ್ತಾರೆ ಎಂಬುದನ್ನೆಲ್ಲ ಹಾಗೆಹಾಗೇ ಆಟಕ್ಕೆ ಇಳಿಸಿದಳು. ಹೊದಿಸುವ ಬಟನ್ ಬರುತ್ತದೆ ಎಂದುಕೊಂಡು ಅತ್ತೆ ಖುಷಿಯಿಂದ ಆಡುತ್ತಿದ್ದರು.

ಕೆಲವು ವಾರಗಳ ನಂತರ ಬೀಗದವನು ಮತ್ತೆ ಬಂದು ಕೂತ. ಈ ಸಲ ಕಾಲು ಅಲ್ಲಾಡಿಸಲಿಲ್ಲ.

"ಏನ್ ಮಾಡ್ತಿದೆ ಇದು?"

"ಏನೂ ಮಾಡ್ತಿಲ್ಲ," ಎಂದಳು ಮಗಳು.

"ಅದೇ ನಾನು ಕೇಳ್ತಿರೋದು. ಏನಾದ್ರೂ ಮಾಡು ಅನ್ನು ಅದಕ್ಕೆ." ಸ್ವಲ್ಪ ಹೊತ್ತಾದ ಮೇಲೆ ಹಿಡಿಯನ್ನು ಕೆಳಗಿಟ್ಟ. "ಬೆಳಕು ಬರ್ಲಿ, ಆ ಕಿಟಕಿ ಪರದೆ ಸ್ವಲ್ಪ ಸರಿಸ್ತೀರಾ ಅಕ್ಕ?" ಎಂದು ನನ್ನನ್ನು ಕೇಳಿ, ಮಗಳ ಕಡೆ ತಿರುಗಿದ. "ಇಂಥ ಪಿಶಾಚಿ ಬುದ್ಧಿ ಎಲ್ಲಿಂದ ಬಂತಮ್ಮ ನಿನಗೆ?"

ಮಗಳ ಮುಖ ಅರಳಿತ್ತು. "ನನ್ನದಲ್ಲ. ಪೂರ್ತಿ ನಮ್ಮಜ್ಜಿದು. ಅವಳು ಹೊದಿಸೋಕೆ ಹೋಗಿ ಹೀಗೇ ನಿಂತಿದ್ಲು. ನಾನು ಅದನ್ನೇ ಇಟ್ಟೆ."

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದರು. ಬೀಗದವನು ಚಹಾ ಕುಡಿಯದೆ ಹೋದ.

ಮರುದಿನದಿಂದ ಅತ್ತೆ ಆಡಲು ಕೂರಲಿಲ್ಲ. ಮಗನಿಗೆ ಹೊದಿಸುವುದನ್ನೂ ನಿಲ್ಲಿಸಿದರು. ಒಳಕೋಣೆಯ ಬಾಗಿಲವರೆಗೆ ಹೋಗುತ್ತಿದ್ದರು, ಚಿಲಕದ ಮೇಲೆ ಕೈ ಇಡುತ್ತಿದ್ದರು, ತಿರುಗಿ ಬರುತ್ತಿದ್ದರು. ಯಜಮಾನರು ಕುತ್ತಿಗೆ ಹಿಡಿದುಕೊಂಡು ಎದ್ದುಬರತೊಡಗಿದರು.

"ಯಾಕೋ ಇತ್ತೀಚೆಗೆ ನಿದ್ದೇಲಿ ಚಳಿ," ಎಂದರು ಊಟಕ್ಕೆ ಕೂತಾಗ. "ಕಿಟಕಿ ಏನಾದ್ರೂ ತೆಗೆದಿಟ್ಟಿರ್ತೀಯಾ?"

"ನಿಮಗೆ ಹೊದಿಸ್ತಿದ್ದೋರು ಹೊದಿಸ್ತಿಲ್ಲ," ಎಂದೆ ನಾನು.

"ಯಾರು ಹೊದಿಸ್ತಿದ್ರು?"

ಅತ್ತೆ ಬ್ರೆಡ್ಡನ್ನು ಚೂರು ಮಾಡಿ ಸೂಪಿಗೆ ಹಾಕುತ್ತಿದ್ದರು.

"ನಾನು ಕಣೋ," ಎಂದರು ಕೊನೆಗೆ. "ಈಗ ಬಿಟ್ಟಿದೀನಿ. ನೀನು ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲಿ ನಿಂತಿದ್ರೆ ಹೆದರ್ಕೊಂಡೀಯ. ನೋಡೋಕೆ ಹೇಗಿರುತ್ತೆ ಅಂತ ನಿನ್ನ ಮಗಳು ತೋರ್ಸಿದಾಳಲ್ಲ."

ಮಗಳು ಚಮಚ ಕೆಳಗಿಟ್ಟಳು. "ಅಜ್ಜಿ, ನಾನು ಹಾಗಂದ್ಕೊಂಡು ಮಾಡ್ಲಿಲ್ಲ."

"ನನ್ನನ್ನ ಕೇಳಿದ್ಯಾ?"

"ಇಲ್ಲ."

"ಇಷ್ಟು ವರ್ಷ ವಾರ್ಡಲ್ಲಿ ಎಷ್ಟು ಮಕ್ಕಳಿಗೆ ಹೊದಿಸಿದೀನಿ. ಒಂದು ಮಗೂನೂ ನನ್ನ ನೋಡಿ ಕಿರುಚಿಲ್ಲ. ಆ ಬೀಗದವನು ಹೆದರಿ, ನಿಮ್ಮಮ್ಮನ ಹತ್ರ ಕಿಟಕಿ ಪರದೆ ಸರಿಸಿ ಅಂದ."

ಯಜಮಾನರಿಗೆ ವಿಷಯವೆಲ್ಲ ತಿಳಿದದ್ದು ಆಗಲೇ. ಅವರ ದನಿ ಏರಿತು. "ನಮ್ಮಮ್ಮನ್ನ ಪಿಶಾಚಿ ಮಾಡಿ ಮೇಳದಲ್ಲಿ ತೋರಿಸ್ತೀಯಾ? ಕಳಿಸ್ಬೇಡ ಅದನ್ನ. ಹಳೇ ಕತ್ತರೀನೇ ಇಟ್ಕೋ."

"ಕತ್ತರಿ ಇಟ್ರೆ ಯಾರೂ ತಗೊಳ್ಳಲ್ಲ ಅಪ್ಪ."

"ತಗೊಳ್ಳದೇ ಇದ್ರೆ ಪ್ರೆಸ್ಸಿದೆ."

"ನೀನು ಸುಮ್ನಿರೋ," ಎಂದರು ಅತ್ತೆ. "ಜಗಳ ನನ್ನದು, ನಾನೇ ಆಡ್ತೀನಿ. ನೋಡು ಮರಿ, ನಿನ್ನ ಆಟ ನಿಲ್ಸು ಅಂತ ನಾನು ಹೇಳಲ್ಲ. ಆದ್ರೆ ಆ ಮಗು ಅಲ್ಲಿಗೆ ಹೋಗಿರೋದು ಹೊದಿಸೋಕೆ. ಹೊದಿಸೋಕೆ ಒಂದು ಬಟನ್ ಇಡು. ಇಟ್ಟು ಎಲ್ಲಿಗೆ ಬೇಕಾದ್ರೂ ಕಳಿಸು."

"ಅದನ್ನಿಟ್ರೆ ಭಯಾನೇ ಹೋಗುತ್ತೆ. ಹುಡುಗಿ ಬಂದ್ಲು, ಹೊದಿಸಿದ್ಲು, ಹೋದ್ಲು. ಯಾರು ಆಡ್ತಾರೆ ಇದನ್ನ?"

"ಇಡದೇ ಇದ್ರೆ, ಆ ಕೂಸು ನಡೀತಿರೋದು ನನ್ನ ನಡಿಗೆ. ನನಗೆ ವಾಪಸ್ ಕೊಡು."

ಮುಂದೆ ಹಲವು ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಹೆಚ್ಚು. ಮಗಳು ಪರದೆಯ ಮುಂದೆ, ಅತ್ತೆ ಅಡಿಗೆಮನೆಯಲ್ಲಿ. ಒಬ್ಬರೂ ಬಗ್ಗುವವರಲ್ಲ. ಒಂದೇ ಮೂಗು ಇಬ್ಬರಿಗೂ, ಸಿಟ್ಟು ಬಂದರೆ ಒಂದೇ ಥರ ಕೆಂಪಾಗುತ್ತದೆ. ನಾನು ಇಬ್ಬರಿಗೂ ಚಹಾ ಕೊಟ್ಟು, ಇಬ್ಬರ ಲೋಟವನ್ನೂ ತೊಳೆದೆ. ಒಂದು ದಿನ ಪರದೆ ಬಟ್ಟೆಯ ಅಂಚು ಮಡಚುತ್ತ ಮಗಳಿಗೆ ಇಷ್ಟು ಹೇಳಿದೆ: "ಹೊದಿಸೋದು ಅಂದ್ರೆ ಬಂದು ಹೊದಿಸಿ ಹೋಗೋದು ಅಂತೀಯಲ್ಲ, ಅಜ್ಜಿ ಹೇಗೆ ಹೊದಿಸ್ತಾಳೆ ಅಂತ ಯಾವತ್ತಾದ್ರೂ ನೋಡಿದೀಯಾ?"

"ನಾನು ಮಲಗಿರ್ತೀನಲ್ಲಮ್ಮ, ಹೇಗೆ ನೋಡ್ಲಿ?"

"ಎಚ್ಚರವಾಗಿ ಮಲಗು."

ಅವಳು ಹೋಗಿ ಹಜಾರದ ಸೋಫಾದ ಮೇಲೆ ಉದ್ದಕ್ಕೆ ಮಲಗಿದಳು. "ಅಜ್ಜಿ, ಬಾ. ಹೊದಿಸು ನನಗೆ."

"ನಿನ್ನ ಆ ಕೂಸಿಗೇ ಹೇಳು."

"ಅದಕ್ಕೆ ಬರಲ್ಲ. ಅದಕ್ಕೆ ಹೇಳ್ಕೊಡೋಕೆ ಕೇಳ್ತಿದೀನಿ."

ಅತ್ತೆ ಒಲೆಯ ಉರಿ ಸಣ್ಣ ಮಾಡಿ ಬಂದರು. ಹೊದಿಕೆಯ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಪಾದದಿಂದ ಮೊಣಕಾಲು, ಸೊಂಟ, ಎದೆ, ಹೀಗೆ ನಿಧಾನವಾಗಿ ಎಳೆದು ತಂದರು. ಕುತ್ತಿಗೆಯ ಹತ್ತಿರ ಕೈ ನಿಂತಿತು. ಅಂಚನ್ನು ಒಂದು ಮಡಿಕೆ ಹಿಂದಕ್ಕೆ ಮಡಚಿ, ಬೆರಳು ಬಿಟ್ಟರು.

"ಇಲ್ಲಿಗೆ ಬಿಡ್ಬೇಕು. ಮೂಗು ಹೊರಗಿರ್ಬೇಕು."

"ಬಿಡದೇ ಇದ್ರೆ?"

"ಎಳೇ ಮಕ್ಕಳು ಕಣೇ. ಕೈಯಿಂದ ಸರಿಸ್ಕೊಳ್ಳೋಕೂ ಬರಲ್ಲ. ಬಿಡದೇ ಇದ್ರೆ ಇನ್ನೇನು?" ಅತ್ತೆ ಎಂದಿನ ದನಿಯಲ್ಲೇ ಹೇಳಿದರು. "ಹೊಸಬರು ಕೆಲಸಕ್ಕೆ ಸೇರಿದ್ರೆ ಮೊದಲು ಇದನ್ನೇ ಹೇಳ್ಕೊಡ್ತಿದ್ವಿ. ಪ್ರೀತಿ ಜಾಸ್ತಿಯಾದೋರೇ ಮುಖದವರೆಗೂ ಎಳೀತಿದ್ರು."

ಮಗಳು ಹೊದಿಕೆ ಒದ್ದು ಎದ್ದು ಕೂತಳು. "ಅಜ್ಜಿ, ಬಟನ್ ಇಡ್ತೀನಿ."

ಅವಳು ಇಟ್ಟ ಬಟನ್ ಒಂದೇ ಒಂದು. ಒತ್ತಿ ಹಿಡಿದಷ್ಟು ಹೊತ್ತು ಹುಡುಗಿಯ ಕೈಗಳು ಹೊದಿಕೆಯನ್ನು ಮೇಲಕ್ಕೆ ಎಳೆಯುತ್ತವೆ. ಸರಿಯಾಗಿ ಕುತ್ತಿಗೆಯ ಹತ್ತಿರ ಬಿಟ್ಟರೆ ಹೊದಿಕೆ ಅಲ್ಲಿ ನಿಲ್ಲುತ್ತದೆ. ಬೇಗ ಬಿಟ್ಟರೆ ಕೆಳಕ್ಕೆ ಜಾರುತ್ತದೆ, ಮಲಗಿದವರು ಚಳಿಗೆ ಹೊರಳಿ ಕಣ್ಣು ಬಿಡುವ ಹಾಗೆ ಆಗುತ್ತಾರೆ. ಬಿಡುವುದು ತಡವಾದರೆ ಹೊದಿಕೆ ಗದ್ದ ದಾಟಿ, ಬಾಯಿ ದಾಟಿ, ಮೂಗಿನ ಮೇಲೆ ಬರುತ್ತದೆ. ಆಮೇಲೆ ಅದನ್ನು ಕೆಳಗೆ ಎಳೆಯಲು ಬರುವುದಿಲ್ಲ. ಕೋಣೆಯಲ್ಲಿ ಕೇಳುತ್ತಿದ್ದ ಎರಡು ಉಸಿರಿನಲ್ಲಿ ಒಂದು ನಿಲ್ಲುತ್ತದೆ.

ಬೀಗದವನನ್ನು ಕರೆದಳು. ಕೈಗಳ ಕೆಲಸದಲ್ಲಿ ಅವನಷ್ಟು ನಾಜೂಕಿನವನು ನಮ್ಮ ಬೀದಿಯಲ್ಲಿಲ್ಲ. ಅಪ್ಪನಿಗೆ ಚೆನ್ನಾಗಿಯೇ ಹೊದಿಸಿದ. ಅಮ್ಮನ ಕೋಣೆಯಲ್ಲಿ ಹೊದಿಕೆ ಎದೆಗೆ ಬಂದಾಗ ಅವಳು ನಿದ್ದೆಯಲ್ಲಿ ಏನೋ ಗೊಣಗಿದಳು. ಅವನು ಅದನ್ನು ಕೇಳಿಸಿಕೊಂಡು ಒಂದು ಗಳಿಗೆ ಮೈಮರೆತ. ಉಸಿರು ನಿಂತಿತು.

"ನಾನು ಬೇಕಂತ ಮಾಡ್ಲಿಲ್ಲ," ಎಂದ ಬೀಗದವನು, ನನ್ನ ಕಡೆಗೆ ತಿರುಗಿ, ನಾನೇ ಆ ಅಮ್ಮ ಎನ್ನುವಂತೆ. "ಅಕ್ಕ, ಇನ್ನೊಂದ್ಸಲ ಆಡ್ತೀನಿ."

ಅವನು ಅಂಗಡಿಗೆ ಹೋಗಿದ್ದು ಸಂಜೆಯ ಮೇಲೆ.

ಅತ್ತೆಯ ಸರದಿ ಬಂತು. ಅವರ ಬಲಗೈ ಹೆಬ್ಬೆರಳಿನ ಗಂಟು ವರ್ಷಗಳಿಂದ ಬಾತಿದೆ; ಮಡಚಿದರೆ ಬೇಗ ಬಿಚ್ಚುವುದಿಲ್ಲ. ಒತ್ತುವುದು ಸುಲಭವಾಯಿತು. ಬಿಡುವುದು ಆಗಲಿಲ್ಲ. ಕುತ್ತಿಗೆಯ ಹತ್ತಿರ ಬಂತು, "ಬಿಡು ಬಿಡು" ಎಂದು ತಮಗೇ ಹೇಳಿಕೊಂಡರು, ಬೆರಳು ಏಳುವ ಮೊದಲೇ ಹೊದಿಕೆ ಮುಖ ದಾಟಿತು. ಅತ್ತೆ ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡಿದರು.

"ಇಷ್ಟು ವರ್ಷದಲ್ಲಿ ಇದೇ ಮೊದಲು," ಎಂದರು.

"ಅಮ್ಮನ ಬೆರಳಿಗೆ ತಕ್ಕ ಹಾಗೆ ನಿಧಾನ ಮಾಡು ಅದನ್ನ," ಎಂದರು ಯಜಮಾನರು. ಆಗಷ್ಟೇ ಎದ್ದು ಬಂದಿದ್ದರು.

"ಒಂದು ನಿಮಿಷದ ಕೆಲಸ ಅಜ್ಜಿ, ಮಾಡ್ಲಾ?"

"ಬೇಡ. ನಿಧಾನ ಮಾಡಿದ್ರೆ ಬೀಗದವನು ನಿದ್ದೆ ಮಾಡ್ತಾನೆ. ನನ್ನ ಬೆರಳು ನಾನು ನೋಡ್ಕೋತೀನಿ."

ನೋಡಿಕೊಂಡರು. ದಿನಾ ಊಟದ ಪಾತ್ರೆ ತೊಳೆದ ಮೇಲೆ ಬಿಸಿನೀರಿನಲ್ಲಿ ಹೆಬ್ಬೆರಳು ಅದ್ದಿ ಕೂರುತ್ತಿದ್ದರು. ಆಮೇಲೆ ಆಟ. ಆಟದ ಅಪ್ಪ ಎಷ್ಟು ಸಲ ಸತ್ತನೋ. ಒಮ್ಮೊಮ್ಮೆ ಅಪ್ಪ ಉಳಿದು ಅಮ್ಮ ಹೋಗುತ್ತಿದ್ದಳು. ಯಜಮಾನರು ಕೂಡ ಬಂದು ಹಿಂದೆ ನಿಲ್ಲತೊಡಗಿದರು. "ಈಗ ಬಿಡಮ್ಮ," ಎಂದರೆ, "ನೀನು ಹೇಳೋಷ್ಟರಲ್ಲಿ ತಡ ಆಗುತ್ತೆ ಕಣೋ, ಬಾಯಿ ಮುಚ್ಕೊಂಡು ನೋಡು," ಎನ್ನುತ್ತಿದ್ದರು ಅತ್ತೆ. ಕೊನೆಗೆ ಅವರೇ ಉಪಾಯ ಕಂಡುಕೊಂಡರು: ಹೆಬ್ಬೆರಳನ್ನು ಬಿಟ್ಟು, ಹಿಡಿಯನ್ನು ಮೊಣಕಾಲ ಮೇಲಿಟ್ಟು, ಎಡಗೈಯ ತೋರುಬೆರಳಿನಿಂದ ಮೇಲಿನಿಂದ ಒತ್ತುವುದು. ಹೀಗೆ ಆಡುವವರನ್ನು ಎಲ್ಲೂ ನೋಡಿಲ್ಲ ಎಂದಳು ಮಗಳು.

ಆಟವನ್ನು ಮೇಳಕ್ಕೆ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಅಪ್ಪನ ಹೊದಿಕೆ ನಿಂತಿತು, ಅಮ್ಮನದೂ ನಿಂತಿತು. ತಾತ ಕೆಮ್ಮಿದ. ಅತ್ತೆ ಕಾದು, ಕೆಮ್ಮು ಮುಗಿದ ಮೇಲೆ ಒತ್ತಿ, ಕುತ್ತಿಗೆಯ ಹತ್ತಿರ ಬಿಟ್ಟರು. ಮೂರು ಕೋಣೆಯಲ್ಲೂ ಉಸಿರಿತ್ತು.

ಅತ್ತೆ ಹುಡುಗಿಯನ್ನು ತಿರುಗಿಸಿ ಹೊರಗೆ ನಡೆಸಿದರು. ಹಜಾರ, ಅಡಿಗೆಮನೆ, ಮತ್ತೆ ಹಜಾರ.

"ಏನು ಹುಡುಕ್ತಿದೀಯ ಅಜ್ಜಿ? ಅಷ್ಟೇ, ಮುಗೀತು."

"ಇದು ಮಲಗೋದೆಲ್ಲಿ?"

ಮಗಳು ಪರದೆಯತ್ತ ಬಗ್ಗಿ ನೋಡಿದಳು.

"ಇದರ ಹಾಸಿಗೆ ಎಲ್ಲಿ ಅಂದೆ."

"ಮಾಡಿಲ್ಲ. ಅದು ಮಲಗಲ್ಲ ಅಜ್ಜಿ, ಕೆಟ್ಟ ಮಗು ಅಲ್ವಾ? ಇಲ್ಲೀವರೆಗೆ ಯಾರೂ ಬರಲ್ಲ ಅಂದ್ಕೊಂಡಿದ್ದೆ."

"ನಾನು ಬಂದಿದೀನಲ್ಲ."

"ಅಮ್ಮ, ನಾಳೆ ಕಳಿಸ್ಬೇಕು," ಎಂದರು ಯಜಮಾನರು. "ಈಗ ಮತ್ತೆ ಬಿಚ್ಚೋಕೆ ಹೇಳ್ಬೇಡ."

"ನಾನು ಇಲ್ಲಿಂದ ಏಳಲ್ಲ," ಎಂದರು ಅತ್ತೆ. "ಕೆಟ್ಟದ್ದಿರ್ಲಿ ಒಳ್ಳೇದಿರ್ಲಿ, ಮನೆಯೆಲ್ಲ ಸುತ್ತಿ ಕಾಲು ಸೋತಿರುತ್ತೆ."

ಮಗಳು ಕುರ್ಚಿ ಎಳೆದುಕೊಂಡಳು. "ಹಾಸಿಗೆ ಮಾಡ್ಬಹುದು. ಮಲಗಿಸ್ಬಹುದು. ಆದ್ರೆ ಅದಕ್ಕೆ ಹೊದಿಸೋರು ಯಾರು? ಎಚ್ಚರ ಇರೋರು ಮನೇಲಿ ಯಾರೂ ಇಲ್ಲ."

ಅತ್ತೆ ಕೈಯಲ್ಲಿದ್ದ ಹಿಡಿಯನ್ನು ಎತ್ತಿ ತೋರಿಸಿದರು. "ಇದನ್ನ ಹಿಡ್ಕೊಂಡಿರೋರು."

"ಅದೇ ಬಟನ್ನಾ?"

"ಅದೇ ಬಟನ್."

ಮಗಳು ಪರದೆಯ ಮೇಲಿನ ಹುಡುಗಿಯನ್ನು ತೋರಿಸಿದಳು. "ಇಷ್ಟು ಹೊತ್ತು ಇದಕ್ಕೇ ಹೆದರಿರ್ತಾರೆ ಅಜ್ಜಿ. ಬೇಕಂತಲೇ ಮುಖದ ಮೇಲೆ ಎಳೆದುಬಿಟ್ರೆ?"

"ಎಳೆಯೋರು ಎಳೀತಾರೆ. ನೀನು ಹಾಸಿಗೆ ಮಾಡು. ಗೋಡೆ ಕಡೆಗೆ ಹಾಕು, ಉರುಳಿ ಬೀಳ್ಬಾರ್ದು."

ಅವಳು ಮಾಡಿದಳು. ಹೊದಿಕೆಗೆ ಎಂಥ ಬಟ್ಟೆ ಎಂದು ನನ್ನನ್ನು ಕೇಳಿದಳು. ಮೆತ್ತನೆ ಹತ್ತಿ, ಅಂಚಿಗೆ ಅಗಲವಾದ ಮಡಿಕೆ ಎಂದೆ. ಯಜಮಾನರು ಕೆಲಸಕ್ಕೆ ಹೋಗುವ ಮೊದಲು ಅವಳ ಪಕ್ಕ ತಟ್ಟೆ ತಂದಿಟ್ಟು, "ತಿಂದು ಮಾಡು," ಎಂದು ಹೋದರು. ಮರುದಿನ ಆಟ ಹೋಯಿತು.

ಮೇಳದವರು ಕರೆಸಿದ ದಿನ ಅವಳು ಬೆಳಿಗ್ಗೆಯೇ ಹೋದವಳು ಊಟದ ಹೊತ್ತಿಗೆ ಬಂದಳು. ಯಜಮಾನರು ಮಲಗಿರಲೇ ಇಲ್ಲ. ಅವಳು ಚಪ್ಪಲಿ ಬಿಡುತ್ತಿದ್ದಂತೆ ಕೇಳಿದರು:

"ಆಯ್ಕೆ ಆಯ್ತಾ?"

"ತಾಳೋ," ಎಂದರು ಅತ್ತೆ. "ಮರಿ, ಮೊದ್ಲು ಇದನ್ನ ಹೇಳು. ಆ ಹಾಸಿಗೆವರೆಗೂ ಯಾರಾದ್ರೂ ಹೋದ್ರಾ?"

"ಆಯ್ಕೆ ಮಾಡೋರಲ್ಲಿ ಒಬ್ರು ಹೋದ್ರು. ಉಳಿದೋರೆಲ್ಲ ತಾತನ ಹತ್ರ ಸೋತ್ರು." ಮಗಳು ಕೂತಳು. "ದೊಡ್ಡ ಹೆಂಗಸು, ಮುಖದಲ್ಲಿ ನಗುವೇ ಇಲ್ಲ. ಹುಡುಗೀನ ಮಲಗಿಸಿದ್ರು. ಬಟನ್ ಒತ್ತಿದ್ರು. ಹೊದಿಕೆ ಎದೆಗೆ ಬಂತು, ಕುತ್ತಿಗೆಗೆ ಬಂತು. ಅವರ ಕೈ ಇನ್ನೂ ಬಟನ್ ಮೇಲೇ ಇತ್ತು. ನಾನು ಕಣ್ಣು ಮುಚ್ಕೊಂಡೆ."

"ಮುಚ್ಕೊಂಡ್ರೆ ಹೇಗೆ ಗೊತ್ತಾಗ್ಬೇಕು?"

"ಕೇಳಿಸ್ತಲ್ಲ. ಉಸಿರು ನಿಲ್ಲಲಿಲ್ಲ ಅಜ್ಜಿ."

ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ಸರಿ. ಈಗ ನಿಮ್ಮಪ್ಪನಿಗೆ ಉತ್ತರ ಹೇಳು."

"ಕಂಪನಿಯೋರು ತಗೊಂಡ್ರು ಅಪ್ಪ."

ಯಜಮಾನರು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು. "ಪ್ರೆಸ್ಸಿನೋರಿಗೆ ನಾನು ಫೋನ್ ಮಾಡ್ಲಾ?"

"ಬೇಡ. ಇಷ್ಟು ದಿನ ಕುರ್ಚಿ ಇಟ್ಕೊಂಡು ಕಾದಿದಾರೆ. ಊಟ ಮಾಡಿ ನಾನೇ ಹೋಗಿ ಹೇಳಿಬರ್ತೀನಿ," ಎಂದಳು ಮಗಳು, ಬಡಿಸಿಕೊಳ್ಳುತ್ತ.